ಕೆಡದ ವಸ್ತುವಿನ ಕೇಡು

ಇಂಗಾಲ-ಫ್ಲೋರೀನ್ ಬಂಧದ ದೃಢತೆಯನ್ನು ನಾವು ತರಗತಿಯಲ್ಲಿ ಕೊಂಡಾಡುವೆವು. ದೇಹಕ್ಕೆ ಕಂಟಕವಾಗಿರುವುದೂ ಆ ದೃಢತೆಯೇ. ಅಂಟದ ಬಾಣಲೆಗಳ ಲೇಪವನ್ನು ತಯಾರಿಸಲು ದಶಕಗಳ ಕಾಲ ಬಳಸಿದ ಪರ್‌ಫ್ಲೋರೊಆಕ್ಟನೋಯಿಕ್ ಆಮ್ಲವನ್ನೇ ನೋಡಿರಿ. 8 ಇಂಗಾಲಗಳ ಈ ಅಣು ಆಕಾರದಲ್ಲಿ ಕೊಬ್ಬಿನ ಆಮ್ಲವನ್ನು ಹೋಲುವುದು. ಸರಪಳಿಯಲ್ಲಿ ಜಲಜನಕವಿರಬೇಕಾದೆಡೆ ಫ್ಲೋರೀನ್ ಇರುವುದಷ್ಟೇ ವ್ಯತ್ಯಾಸ. ಯಕೃತ್ತಿನಲ್ಲಿ ಕೊಬ್ಬಿನ ವ್ಯವಹಾರವನ್ನು ನಡೆಸುವ ಗ್ರಾಹಕಗಳನ್ನು ಇದು ಕೆರಳಿಸುವುದು; ಆದರೆ ಕೊಬ್ಬಿನಂತೆ ತಾನು ಉರಿದುಹೋಗದು. ಪ್ರಯೋಗದ ಇಲಿಗಳಲ್ಲಿ ಯಕೃತ್ತು ಹಿಗ್ಗಿ, ಅದರಲ್ಲಿ ಕೊಬ್ಬು ತುಂಬಿತು. ಮನುಷ್ಯನ ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ವರ್ಷಗಳೇ ಬೇಕು.

2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಇದನ್ನು ವರ್ಜ್ಯಗಳ ಪಟ್ಟಿಗೆ ಸೇರಿಸಿತು. ಆದರೆ ಇದೇ ಬಂಧವುಳ್ಳ ಬೇರೆ ಸಾವಿರಾರು ವಸ್ತುಗಳಿವೆ. ಒಂದೊಂದರ ಕೇಡನ್ನೂ ನಮ್ಮ ಯಕೃತ್ತೇ ಸಾಬೀತುಪಡಿಸಲೆಂದು ಕಾಯುವುದು ವಿವೇಕವಲ್ಲ. ಒಡೆಯುವ ದಾರಿ ತಿಳಿಯದ ಅಣುವನ್ನು ಕಟ್ಟಿ ಜಗತ್ತಿಗೆ ಬಿಡಬಾರದೆಂಬುದು ನಮ್ಮ ಮತ.