ಪಟ್ಟಣದ ಸಂಬಳವೂ ಲೈನು ಮನೆಯೂ



ನಮ್ಮ ತೋಟಗಳಲ್ಲಿ ಹಾಜರಿ ಕೂಗುವಾಗ ಎಳೆಯರ ದನಿ ಕೇಳುವುದು ಈಗ ಅಪರೂಪ. ಗೂಡಲೂರಿನಿಂದಲೂ ಉದಕಮಂಡಲದಿಂದಲೂ ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರುಗಳಿಗೆ ಹೊರಟಿದ್ದಾರೆ. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ, ವೈಟ್‌ಫೀಲ್ಡಿನ ಗಾಜಿನ ಕಚೇರಿಗಳಲ್ಲಿ ಕಾವಲು, ಶುಚಿ ಕೆಲಸ, ಮಾರಾಟ, ಲೆಕ್ಕಬರಹ ಮುಂತಾದ ಕೆಲಸಗಳು ದೊರೆಯುತ್ತಿವೆ. ಮಳೆ, ಜಿಗಣೆ, ಬೆನ್ನಿನ ಹೊರೆ ಮಕ್ಕಳಿಗೆ ಬೇಡವೆಂದು ಹಾರೈಸಿದವರು ನಾವೇ. ಆದುದರಿಂದ ಅವರು ಹೋಗುವುದನ್ನು ನಾವು ಆಕ್ಷೇಪಿಸುವುದಿಲ್ಲ. ಹೇಗೆ ಹೋಗುತ್ತಾರೆ ಎಂಬುದೇ ನಮ್ಮ ಚಿಂತೆ.

ನಮ್ಮಲ್ಲಿ ಅನೇಕರ ಹಿರಿಯರು ಮೈಸೂರು ಸೀಮೆಯಿಂದ ಮೇಸ್ತ್ರಿಯ ಮುಂಗಡ ಪಡೆದು ಈ ಬೆಟ್ಟ ಹತ್ತಿದರು. ಕೂಲಿಯೆಷ್ಟು, ಹಿಡಿದದ್ದೆಷ್ಟು ಎಂದು ಲೆಕ್ಕ ಕೇಳಲು ಅವರಿಗೆ ಅಕ್ಷರವಿರಲಿಲ್ಲ. ಇಂದು ಗಾಜಿನ ಕಟ್ಟಡದಲ್ಲಿಯೂ ಕಾವಲಿನವನಿಗೆ, ಗುಡಿಸುವವಳಿಗೆ ಬಟವಾಡೆ ಮಾಡುವವನು ಹೆಚ್ಚಾಗಿ ಗುತ್ತಿಗೆದಾರನೇ. ಅಕ್ಷರ ಬಲ್ಲ ಮಕ್ಕಳು ಕೇಳಿಯೇ ತಿಳಿಯಬೇಕು: ನೇಮಕದ ಕಾಗದ ಯಾರ ಹೆಸರಿನಲ್ಲಿದೆ? ಭವಿಷ್ಯ ನಿಧಿಗೆಂದು ಹಿಡಿದ ಹಣ ಖಾತೆಗೆ ಸೇರಿದೆಯೇ? ಕೆಲಸ ಬದಲಾದರೂ ಆ ನಿಧಿಯ ಯು.ಎ.ಎನ್. ಸಂಖ್ಯೆ ಒಂದೇ, ಅದನ್ನು ಮನೆಯಲ್ಲಿಯೂ ಬರೆದಿಡಿರಿ. ಇ.ಎಸ್.ಐ. ಇದೆಯೇ? 2019ರ ಜುಲೈಯಿಂದ ಅದಕ್ಕೆ ಸಂಬಳದ ನೂರು ರೂಪಾಯಿಗೆ ಕಾರ್ಮಿಕನ ಪಾಲು 75 ಪೈಸೆ, ಮಾಲಿಕನ ಪಾಲು 3 ರೂಪಾಯಿ 25 ಪೈಸೆ. ಮಾಲಿಕನ ಪಾಲನ್ನೂ ನಮ್ಮ ಮಕ್ಕಳ ಸಂಬಳದಿಂದಲೇ ಹಿಡಿದರೆ ಅದು ಅನ್ಯಾಯ.

ಇದಕ್ಕಿಂತ ದೊಡ್ಡ ಮಾತು ಲೈನು ಮನೆಯದು. “ಅಮ್ಮಾ, ಲೆಕ್ಕ ಚುಕ್ತಾ ಮಾಡಿಸಿ ಬಂದುಬಿಡು” ಎಂದು ಮಗನು ಪ್ರೀತಿಯಿಂದಲೇ ಕರೆಯುತ್ತಾನೆ. ಆದರೆ ಲೈನು ಮನೆ ಕೆಲಸಕ್ಕೆ ಅಂಟಿದ್ದು. ಹಾಜರಿ ಪುಸ್ತಕದಿಂದ ಕುಟುಂಬದ ಕೊನೆಯ ಹೆಸರು ಹೋದರೆ ಮನೆಯ ಬೀಗವೂ ಹೋಗುತ್ತದೆ. ಇಪ್ಪತ್ತು ವರ್ಷ ದುಡಿದ ತಾಯಿಗೆ ವರ್ಷಕ್ಕೆ 15 ದಿನದಂತೆ 300 ದಿನದ ಕೂಲಿ ಗ್ರಾಚ್ಯುಯಿಟಿಯಾಗಿ ಬರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯುಂಟು. ಆಯುಷ್ಯದ ಗಳಿಕೆ ಹೀಗೆ ಒಂದೇ ದಿನದಲ್ಲಿ ಇನ್ನೊಬ್ಬರ ಕೈಸೇರಬಹುದು. ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅದಕ್ಕೆ ಮುಂಚೆ ಹಣ ತೆಗೆದವರಿಗೆ ಮುಪ್ಪಿನಲ್ಲಿ ತಿಂಗಳ ಆಸರೆ ಇಲ್ಲ.

ಹಿಂದಿರುಗುವ ದಾರಿಯೂ ಸುಲಭವಲ್ಲ. ಬಂಡೀಪುರ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆಯಿದೆ. ಕೆಲವು ಬಸ್ಸುಗಳಿಗೂ ಆಂಬುಲೆನ್ಸಿಗೂ ಮಾತ್ರ ವಿನಾಯಿತಿ. ತಾಯಿಗೆ ಜ್ವರವೆಂದು ಕೇಳಿದ ಮಗ ಆ ರಾತ್ರಿಯೇ ಮಸಿನಗುಡಿ ಮುಟ್ಟುತ್ತಾನೆಂದು ನಂಬುವಂತಿಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮೊದಲು ಒಬ್ಬರು ಹೋಗಲಿ; ಒಂದು ವರ್ಷ ನಿಲ್ಲಲಿ; ಸಂಬಳ ಚೀಟಿಗಳನ್ನು ಜೋಪಾನ ಮಾಡಲಿ. ಅಲ್ಲಿಯವರೆಗೆ ತಾಯಂದಿರು ಯಾವ ಕಾಗದಕ್ಕೂ ಅವಸರದಿಂದ ಹೆಬ್ಬೆಟ್ಟು ಒತ್ತಬಾರದು. ಲೆಕ್ಕ ತೀರಿಸುವ ಕಾಗದ ಬಂದರೆ ಅದನ್ನು ಸಂಘಕ್ಕೆ ತನ್ನಿರಿ, ಕೂಡಿ ಓದೋಣ. ಮಕ್ಕಳು ಪಟ್ಟಣದಲ್ಲಿ ಬೇರೂರುವ ಮುಂಚೆ ಬೆಟ್ಟದ ಬೇರನ್ನು ಕೀಳುವುದು ಬೇಡ.