ಕನ್ನಡಕ ಎಷ್ಟು ಕೊಟ್ಟಿರಿ ಅನ್ನೋದು ಸರಿ, ಯಾವ ವಯಸ್ಸಿಗೆ ಕೊಟ್ಟಿರಿ?

ಆಶಾಕಿರಣ ಯೋಜನೆ ಬಗ್ಗೆ ಸರ್ಕಾರ ಮಾತಾಡುವಾಗ ಎರಡು ಲೆಕ್ಕ ಮುಂದೆ ಬರುತ್ತವೆ: ಎಷ್ಟು ಜನರ ಕಣ್ಣು ತಪಾಸಣೆ ಆಯ್ತು, ಎಷ್ಟು ಕನ್ನಡಕ ಹಂಚಿದ್ವಿ. ಮನೆ ಬಾಗಿಲಿಗೆ ಬಂದು ಕಣ್ಣು ನೋಡೋದು ಒಳ್ಳೆಯ ಕೆಲಸವೇ. ನನ್ನ ತಕರಾರು ಲೆಕ್ಕದ ಬಗ್ಗೆ. ನಾಲ್ಕು ವರ್ಷದ ಮಗುವಿಗೆ ಕೊಟ್ಟ ಕನ್ನಡಕವೂ ಹದಿನೈದರ ಹುಡುಗನಿಗೆ ಕೊಟ್ಟ ಕನ್ನಡಕವೂ ಭಾಷಣದ ಅಂಕಿಯಲ್ಲಿ ಒಂದೇ. ಮಿದುಳಿನ ಪಾಲಿಗೆ ಒಂದೇ ಅಲ್ಲ.

ಕಣ್ಣು ಸಂಕೇತ ಕಳಿಸುತ್ತೆ ಅಷ್ಟೇ. ಅದು ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್ ತಲುಪಿದ ಮೇಲೇ ನಮಗೆ ಕಾಣೋದು. ಅಲ್ಲಿನ ನರಕೋಶಗಳು ಕೆಲಸ ಹಂಚಿಕೊಂಡಿವೆ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮಿದುಳಲ್ಲಿ ಇದನ್ನು ಕಂಡರು. ಒಂದು ಕೋಶ ನೇರ ಗೆರೆಗೆ ಸ್ಪಂದಿಸಿದರೆ ಇನ್ನೊಂದು ಓರೆ ಗೆರೆಗೆ. ಒಂದೇ ಕೋನದವು ಕಂಬದ ಹಾಗೆ ಒಂದರ ಕೆಳಗೊಂದು ಸೇರಿರುತ್ತವೆ. ಎಡಗಣ್ಣಿಗೆ, ಬಲಗಣ್ಣಿಗೆ ಅಂತ ಜಾಗವೂ ಅಕ್ಕಪಕ್ಕ ಹಂಚಿಕೆಯಾಗಿರುತ್ತೆ.

ಈ ಹಂಚಿಕೆ ಹುಟ್ಟುವಾಗಲೇ ಗಟ್ಟಿಯಾಗಿರೋದಿಲ್ಲ. ಎಳೆ ಮರಿಯ ಒಂದು ಕಣ್ಣನ್ನು ಕೆಲವು ತಿಂಗಳು ಹೊಲಿದು ಮುಚ್ಚಿಟ್ಟು ತೆರೆದರೆ, ಬಹುತೇಕ ಕೋಶಗಳು ಆ ಕಣ್ಣಿಗೆ ಸ್ಪಂದಿಸೋದನ್ನೇ ಬಿಟ್ಟಿದ್ದವು. 1963ರಲ್ಲಿ ಪ್ರಕಟವಾದ ಫಲಿತಾಂಶ ಇದು. ದೊಡ್ಡ ಬೆಕ್ಕಿನಲ್ಲಿ ಹಾಗಾಗಲಿಲ್ಲ. ಮಂಗಗಳಲ್ಲಿ ಮುಚ್ಚಿದ ಕಣ್ಣಿನ ಜಾಗವನ್ನು ತೆರೆದ ಕಣ್ಣು ಒತ್ತುವರಿ ಮಾಡಿಕೊಂಡಿದ್ದು ಆಮೇಲೆ ಗೊತ್ತಾಯ್ತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮಕ್ಕಳಲ್ಲೂ ಇದೇ ಕಥೆ. ಒಂದು ಕಣ್ಣಿಗೆ ನಂಬರ್ ಜಾಸ್ತಿ ಇದ್ದರೆ, ಮೆಳ್ಳಗಣ್ಣಿದ್ದರೆ, ಹುಟ್ಟಾ ಪೊರೆ ಇದ್ದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತೆ. ಇದಕ್ಕೆ ‘ಸೋಮಾರಿ ಕಣ್ಣು’ ಅಂತ ಹೆಸರು, ಪಾಪ ಕಣ್ಣಿನದೇನೂ ತಪ್ಪಿಲ್ಲ. ಮಗು ದೂರು ಹೇಳೋದಿಲ್ಲ, ಇನ್ನೊಂದು ಕಣ್ಣಲ್ಲಿ ಓದುತ್ತೆ, ಆಡುತ್ತೆ. ಮೆಳ್ಳಗಣ್ಣು ಅದೃಷ್ಟ ಅನ್ನೋರು ಬೇರೆ ಇದ್ದಾರೆ. ಒಂದೊಂದೇ ಕಣ್ಣು ಮುಚ್ಚಿಸಿ ನೋಡದ ಹೊರತು ಇದು ಸಿಗೋದು ಕಷ್ಟ.

ಆನೆಕೊಂಡವನ್ನೇ ತಗೊಳ್ಳಿ. ಒಂದು ಕಾಲದ ಹಳ್ಳಿ, ಈಗ ದಾವಣಗೆರೆಯೊಳಗೇ ಸೇರಿದೆ. ಊರಲ್ಲಿ ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ ಇವೆ. ಇಲ್ಲಿನ ಅಂಗನವಾಡಿ ಮಗುವಿಗೆ ಕಣ್ಣಿನ ಡಾಕ್ಟರು ಒಂದು ಆಟೋ ದೂರ. ಅಂದರೆ ಇಲ್ಲಿ ಆಸ್ಪತ್ರೆ ಸಮಸ್ಯೆ ಅಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಸಲ ಆಗಬೇಕು, ದೃಷ್ಟಿದೋಷವೂ ಅದರ ಪಟ್ಟಿಯಲ್ಲಿದೆ. ಆ ಹೊತ್ತಿನಲ್ಲಿ ಎರಡೂ ಕಣ್ಣನ್ನು ಬೇರೆಬೇರೆಯಾಗಿ ನೋಡಿದರಾ? ಸಂಶಯ ಬಂದ ಮಗುವನ್ನು ಆಸ್ಪತ್ರೆಗೆ ಯಾರು ಮುಟ್ಟಿಸಿದರು?

ಚಿಕಿತ್ಸೆಗೆ ಭಾರೀ ಖರ್ಚಿಲ್ಲ. ಕನ್ನಡಕ, ಜೊತೆಗೆ ಚೆನ್ನಾಗಿರುವ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ. ಮಧ್ಯಮ ಮಟ್ಟದ ತೊಂದರೆಗೆ ದಿನಕ್ಕೆ 2 ಗಂಟೆ ಪಟ್ಟಿ 6 ಗಂಟೆಯಷ್ಟೇ ಕೆಲಸ ಮಾಡುತ್ತೆ ಅಂತ 2003ರ ಅಮೆರಿಕದ ಅಧ್ಯಯನ ತೋರಿಸಿತು. ಏಳರಿಂದ ಹನ್ನೆರಡರ ಮಕ್ಕಳಿಗೂ ಉಪಯೋಗ ಉಂಟು, ಹಾಗಾಗಿ ‘ವಯಸ್ಸು ದಾಟಿತು’ ಅಂತ ಕಳಿಸಿಬಿಡೋದೂ ತಪ್ಪು. ಆದರೆ ಬೇಗ ಹಿಡಿದಷ್ಟೂ ಫಲ ಜಾಸ್ತಿ.

ಕಷ್ಟ ಇರೋದು ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸೋದರಲ್ಲಿ. ತಾಯಿ ಕೂಲಿಗೆ ಹೋದರೆ ಅದನ್ನು ನೋಡಿಕೊಳ್ಳೋದು ಅಂಗನವಾಡಿ ಕಾರ್ಯಕರ್ತೆಯೇ. ತೂಕ, ಊಟ, ಸರ್ವೆ ಎಲ್ಲವೂ ಈಗಾಗಲೇ ಅವರ ತಲೆ ಮೇಲಿದೆ, ಅದೂ ಸಂಬಳ ಅಲ್ಲ, ಗೌರವಧನ. ಇದನ್ನೂ ಬಿಟ್ಟಿಯಾಗಿ ಹೊರಿಸೋದಾದರೆ ನಾನು ಒಪ್ಪೋದಿಲ್ಲ. ತರಬೇತಿ ಕೊಡಲಿ, ದುಡ್ಡೂ ಕೊಡಲಿ.

ಮುಂದಿನ ಸಲ ಅಂಕಿ ಬಿಡುಗಡೆ ಆದಾಗ ಆರು ವರ್ಷದೊಳಗಿನವರಿಗೆ ಬೇರೆ ಕಾಲಂ ಇದೆಯಾ ನೋಡಿ. ಇಲ್ಲದಿದ್ದರೆ ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ ಸಾಕು.