ಅಟ್ಟದಿಂದ ಇಳಿದ ಆಟದ ರೈಲು

ಹಿರಿಯರು ತೀರಿಕೊಂಡ ಮನೆಯಲ್ಲಿ ಪಾತ್ರೆ ಪಡಗಗಳ, ಒಡವೆ ವಸ್ತ್ರಗಳ ಹಂಚಿಕೆ ಮುಗಿದ ಮೇಲೆ ಅಟ್ಟದ ಸರದಿ ಬರುತ್ತದೆ. ಇಂಗ್ಲೆಂಡಿನ ಮಧ್ಯಮವರ್ಗದ ಮನೆಯ ಅಟ್ಟವಾದರೆ, ಅಲ್ಲಿಂದ ಇಳಿಯುವ ಸಾಮಾನುಗಳ ನಡುವೆ ಕೆಂಪು ರಟ್ಟಿನ ಪೆಟ್ಟಿಗೆಯೊಂದು ಇರುವುದುಂಟು. ಒಳಗೆ ತಗಡಿನ ಎಂಜಿನ್ನು, ಎರಡು ಮೂರು ಡಬ್ಬಿಗಳು, ಬಾಗಿದ ಕೆಲವು ಕಂಬಿಗಳು, ಒಂದು ಕೀಲಿಕೈ. ಅಜ್ಜ ಬಾಲಕನಾಗಿದ್ದಾಗ ಕ್ರಿಸ್‌ಮಸ್ಸಿಗೆ ದೊರೆತ ಆಟದ ರೈಲು ಅದು. ಮೊಮ್ಮಕ್ಕಳಲ್ಲಿ ಒಬ್ಬ, ಇದು ಅಮೂಲ್ಯ ನಿಧಿ ಎನ್ನುತ್ತಾನೆ. ಇನ್ನೊಬ್ಬ, ಗುಜರಿಗೆ ಹಾಕುವ ತಗಡು ಎನ್ನುತ್ತಾನೆ. ಮೂರನೆಯವಳು ಏನನ್ನೂ ಹೇಳದೆ ಸಾಬೂನು ನೀರಿನಲ್ಲಿ ಬಟ್ಟೆ ಅದ್ದಿ ಒರೆಸತೊಡಗುತ್ತಾಳೆ. ಮೂವರಲ್ಲಿ ನಿಜವಾದ ಹಾನಿ ಮಾಡುವವಳು ಈ ಮೂರನೆಯವಳೇ!

ದಸರೆಯಲ್ಲಿ ಅಟ್ಟದಿಂದ ಇಳಿಯುವ ಪಟ್ಟದ ಗೊಂಬೆಗಳಿಗೆ ಮೈಸೂರು ಸೀಮೆಯ ಮನೆಗಳಲ್ಲಿ ಎಂತಹ ಸ್ಥಾನವುಂಟೋ, ಆ ಮನೆಗಳಲ್ಲಿ ಈ ರೈಲಿಗೂ ಬಹುಮಟ್ಟಿಗೆ ಅಂತಹುದೇ ಸ್ಥಾನ. ವ್ಯತ್ಯಾಸ ಇಷ್ಟೇ: ಗೊಂಬೆಯನ್ನು ತಂದವರು ಯಾರು, ಯಾರ ಮದುವೆಯಲ್ಲಿ ಬಂದಿತು ಎಂಬುದನ್ನು ಮನೆಯ ಹೆಂಗಸರು ವರ್ಷವರ್ಷವೂ ಹೇಳಿಕೊಳ್ಳುತ್ತಾರೆ. ರೈಲಿನ ಕಥೆಯನ್ನು ಹೇಳುವ ವಾಡಿಕೆ ಇಲ್ಲದ್ದರಿಂದ, ಪೆಟ್ಟಿಗೆ ಕೈಗೆ ಬರುವ ಹೊತ್ತಿಗೆ ಕಥೆ ಹೋಗಿಬಿಟ್ಟಿರುತ್ತದೆ. ವಸ್ತುವೇ ತನ್ನ ಕಥೆಯನ್ನು ಹೇಳಬೇಕು. ಓದಬಲ್ಲವರಿಗೆ ಅದು ಹೇಳಿಯೂ ಹೇಳುತ್ತದೆ.

ಆ ಪೆಟ್ಟಿಗೆಗಳ ಮೇಲೆ ಬಹುಶಃ ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ಹೆಸರು ಹಾರ್ನ್‌ಬಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬನ ಬಳಿ ಲೆಕ್ಕ ಬರೆಯುತ್ತಿದ್ದವನು. ತನ್ನ ಗಂಡುಮಕ್ಕಳಿಗಾಗಿ ತೂತು ಕೊರೆದ ಲೋಹದ ಪಟ್ಟಿಗಳನ್ನೂ ತಿರುಪುಗಳನ್ನೂ ಜೋಡಿಸಿ ಆಡುವ ಆಟಿಕೆಯನ್ನು ರಚಿಸಿ, 1901ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮುಂದೆ ಮೆಕ್ಯಾನೋ ಎಂದು ಲೋಕವಿಖ್ಯಾತವಾದುದು ಅದೇ. ಆಗ ತಗಡಿನ ಆಟದ ರೈಲುಗಳಲ್ಲಿ ಜರ್ಮನರದೇ ಮೇಲುಗೈ. ಗಪ್ಪಿಂಗೆನ್ ಪಟ್ಟಣದ ಮಾರ್ಕ್ಲಿನ್, ನ್ಯೂರೆಂಬರ್ಗಿನ ಬಿಂಗ್ ಎಂಬ ಎರಡು ಮನೆತನಗಳು ಇಂಗ್ಲೆಂಡಿನ ಅಂಗಡಿಗಳನ್ನೂ ತುಂಬಿದ್ದವು. ಮೊದಲ ಮಹಾಯುದ್ಧ ಆ ವ್ಯಾಪಾರವನ್ನು ಕಡಿದುಹಾಕಿತು. ಆ ತೆರವಿನಲ್ಲಿ ಹಾರ್ನ್‌ಬಿಯ ರೈಲು 1920ರಲ್ಲಿ ಹೊರಟಿತು. ಮೆಕ್ಯಾನೋ ಪದ್ಧತಿಯಂತೆ ತಿರುಪು ಬಿಚ್ಚಿ ಮತ್ತೆ ಕಟ್ಟಬಹುದಾದ ಎಂಜಿನ್ನು ಅದು. ತಗಡಿನ ಅಂಚುಗಳು ಬೆಸುಗೆಯಿಲ್ಲದೆ ಸಣ್ಣ ತಿರುಪುಗಳಿಂದ ಕೂಡಿದ್ದರೆ, ಅಜ್ಜನ ರೈಲು ಆ ಮೊದಲ ವರ್ಷಗಳದಿರಬಹುದೆಂದು ಊಹಿಸಲು ಅವಕಾಶವುಂಟು.

ಆದರೆ ಹಾರ್ನ್‌ಬಿ ಎಂಬ ಹೆಸರನ್ನು ಕಂಡೊಡನೆ ಹಿಗ್ಗುವುದು ಸಲ್ಲದು. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಮೂಲ ಕಾರ್ಖಾನೆ 1964ರಲ್ಲಿ ಬೇರೆ ಆಟಿಕೆ ಸಂಸ್ಥೆಯ ಕೈಸೇರಿ, 1979ರಲ್ಲಿ ಮುಚ್ಚಿಹೋಯಿತು. ಹೆಸರು ಮಾತ್ರ ಮಾರ್ಗೇಟ್ ಎಂಬ ಕಡಲತೀರದ ಊರಿಗೆ ಹೋಗಿ ಪ್ಲಾಸ್ಟಿಕ್ಕಿನ ರೈಲುಗಳ ಮೇಲೆ ಮುಂದುವರಿಯಿತು. ಒಂದೇ ಹೆಸರಿನ ಕೆಳಗೆ ನೂರು ವರ್ಷಗಳ ಸರಕಿದೆ. ಆದ್ದರಿಂದ ತಿಳಿದವರು ಹೆಸರನ್ನು ಕಡೆಗೆ ನೋಡುತ್ತಾರೆ. ಅಳತೆಪಟ್ಟಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಅಳೆಯಬೇಕಾದುದು ಎರಡು ಕಂಬಿಗಳ ಒಳ ಅಂಚುಗಳ ನಡುವಣ ಅಂತರವನ್ನು. ಕನ್ನಡ ನಾಡಿನ ಹಿರಿಯರಿಗೆ ಗೇಜು ಎಂಬ ಮಾತು ಹೊಸದಲ್ಲ. ಬೆಂಗಳೂರು ನಿಲ್ದಾಣದಲ್ಲಿ ಮದರಾಸಿನ ಗಾಡಿ ಬ್ರಾಡ್ ಗೇಜಿನ ಮೇಲೆಯೂ ಮೈಸೂರಿನ ಗಾಡಿ ಮೀಟರ್ ಗೇಜಿನ ಮೇಲೆಯೂ ನಿಲ್ಲುತ್ತಿದ್ದ ಕಾಲವೊಂದಿತ್ತು. ಆಟದ ರೈಲಿನಲ್ಲೂ ಅದೇ ಭೇದ. ಅಂತರ 32 ಮಿಲಿಮೀಟರ್ ಇದ್ದರೆ ಅದು 'ಓ' ಗೇಜು, ಎರಡು ಮಹಾಯುದ್ಧಗಳ ನಡುವಣ ಮನೆಗಳ ಸಾಮಾನ್ಯ ರೈಲು. ಸುಮಾರು 45 ಮಿಲಿಮೀಟರ್ ಇದ್ದರೆ ಒಂದನೆಯ ಗೇಜು, ಸಾಮಾನ್ಯವಾಗಿ ಇನ್ನೂ ಹಳೆಯ, ಸಿರಿವಂತರ ಮನೆಯ ಸರಕು. 16.5 ಮಿಲಿಮೀಟರ್ ಇದ್ದರೆ ಮೇಜಿನ ಮೇಲೆ ಓಡುವ ಚಿಕ್ಕ ರೈಲು. ಹಾರ್ನ್‌ಬಿ ಸಂಸ್ಥೆ ಡಬ್ಲೋ ಎಂಬ ಹೆಸರಿನಿಂದ ಇದನ್ನು ಹೊರತಂದದ್ದು 1938ರಲ್ಲಿ. ಡಬ್ಲೋ ರೈಲು ವಿದ್ಯುತ್ತಿನಿಂದ ಓಡದೆ ಕೀಲಿಯಿಂದ ಓಡುವುದಾದರೆ ಸ್ವಲ್ಪ ನಿಧಾನಿಸಿ ನೋಡುವುದು ಒಳಿತು. ಯುದ್ಧಕ್ಕೆ ಮುಂಚಿನ ಅಲ್ಪಕಾಲದಲ್ಲಿ ಮಾತ್ರ ಅಂತಹವು ಹೊರಬಿದ್ದವು.

ಅನಂತರ ಅಕ್ಷರಗಳು. ಇದು ಪತ್ತೇದಾರಿಯ ಕಥೆಯಷ್ಟು ಸ್ವಾರಸ್ಯದ ಭಾಗ. ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳಿದ್ದು, 1923ರ ಜನವರಿಯಲ್ಲಿ ಅವೆಲ್ಲ ನಾಲ್ಕು ದೊಡ್ಡ ಕಂಪನಿಗಳಾಗಿ ಕೂಡಿಕೊಂಡವು: ಎಲ್.ಎಂ.ಎಸ್., ಎಲ್.ಎನ್.ಇ.ಆರ್., ಜಿ.ಡಬ್ಲ್ಯು.ಆರ್. ಮತ್ತು ಸದರ್ನ್. 1948ರ ಜನವರಿಯಲ್ಲಿ ಆ ನಾಲ್ಕೂ ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆದವು. ಆಟಿಕೆಯ ತಯಾರಕರು ನಿಜವಾದ ರೈಲುಗಳ ಬಣ್ಣ, ಅಕ್ಷರಗಳನ್ನೇ ತಮ್ಮ ತಗಡಿನ ಮೇಲೂ ಹಾಕುತ್ತಿದ್ದರು. ಹೀಗಾಗಿ ಟೆಂಡರಿನ ಪಕ್ಕದಲ್ಲಿ ಎಲ್.ಎಂ.ಎಸ್. ಎಂದಿದ್ದರೆ ಆ ರೈಲು 1923ಕ್ಕೆ ಹಿಂದಿನದಲ್ಲವೆಂಬುದು ಖಂಡಿತ. ಹಾಗೆಂದು 1948ರ ನಂತರದ್ದಲ್ಲವೆಂದು ಹೇಳಲಾಗದು. ರಾಷ್ಟ್ರೀಕರಣದ ಮೇಲೂ ಹಲವು ವರ್ಷ ಆಟದ ರೈಲುಗಳು ಹಳೆಯ ಕಂಪನಿಗಳ ಅಕ್ಷರಗಳನ್ನೇ ಹೊತ್ತು ಬರುತ್ತಿದ್ದವು. ಆಟಿಕೆಗಳ ಲೋಕಕ್ಕೆ ಸರ್ಕಾರದ ಸುತ್ತೋಲೆ ತಡವಾಗಿಯೇ ತಲುಪುತ್ತದೆ!

ಇಂಗ್ಲಿಷ್ ಕಂಪನಿಯ ಅಕ್ಷರವಿದ್ದ ಮಾತ್ರಕ್ಕೆ ರೈಲು ಇಂಗ್ಲಿಷರದೆನ್ನುವಂತೆಯೂ ಇಲ್ಲ. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಅಂಗಡಿಗಾಗಿ ನ್ಯೂರೆಂಬರ್ಗಿನ ಬಿಂಗ್ ಕಾರ್ಖಾನೆಯೇ ಇಂಗ್ಲಿಷ್ ಬಣ್ಣದ ಎಂಜಿನ್ನುಗಳನ್ನು ತಯಾರಿಸಿ ಕಳುಹಿಸುತ್ತಿತ್ತು. ಜಿ.ಬಿ.ಎನ್. ಎಂಬ ಮೂರಕ್ಷರದ ಮುದ್ರೆ ಎಲ್ಲಾದರೂ ಕಂಡರೆ ಅದು ಬಿಂಗ್ ಸಹೋದರರ ಹಳೆಯ ಗುರುತು. ಮೊದಲ ಮಹಾಯುದ್ಧದ ನಂತರದ ಸರಕಿನ ಮೇಲೆ ಬಿ.ಡಬ್ಲ್ಯು. ಎಂದಿರುತ್ತದೆ. ಈ ಮುದ್ರೆಗಳು ಬೆರಳಿನ ಉಗುರಿಗಿಂತ ಚಿಕ್ಕವು. ಒರೆಸುವ ಭರದಲ್ಲಿ ಅಳಿಸಿಹೋಗುವುದು ಇವೇ ಮೊದಲು.

ಮಾತು ಮತ್ತೆ ಆ ಒದ್ದೆ ಬಟ್ಟೆಗೇ ಬಂದಿತು. ಅಕ್ಷರಗಳಲ್ಲೂ ಚಿನ್ನದ ಗೆರೆಗಳಲ್ಲೂ ಅನೇಕವು ತಗಡಿಗೆ ಅಂಟಿಸಿದ ತೆಳುವಾದ ಚಿತ್ರಪೊರೆಗಳು. ಸಾಬೂನು ನೀರು ತಗುಲಿದರೆ ಸಿಪ್ಪೆಯಂತೆ ಏಳುತ್ತವೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದು ಅಷ್ಟಕ್ಕೇ ನಿಲ್ಲಿಸಬೇಕೆಂಬುದು ಸಂಗ್ರಾಹಕರ ಕಟ್ಟುನಿಟ್ಟಿನ ನಿಯಮ. ಹೊಸ ಬಣ್ಣ ಬಳಿಯುವುದಂತೂ ಮಹಾಪರಾಧ. ಅಜ್ಜನ ಕೈಯಲ್ಲಿ ಸವೆದ ಹಸಿರು ಬಣ್ಣ ಮತ್ತೆ ಯಾವ ಡಬ್ಬಿಯಿಂದಲೂ ಬಾರದು. ಬಣ್ಣ ಬಳಿದ ರೈಲಿಗೆ ಹರಾಜಿನಲ್ಲಿ, ಸವೆದ ಮೂಲ ಬಣ್ಣದ ರೈಲಿಗಿಂತ ಕಡಿಮೆ ಬೆಲೆ ಬರುವುದೇ ಸಾಮಾನ್ಯ.

ಯಾರ ತಪ್ಪೂ ಇಲ್ಲದೆ ಬರುವ ಕೇಡೂ ಒಂದುಂಟು. ಚಕ್ರಗಳೂ ಕೆಲವು ಎಂಜಿನ್ನುಗಳ ಮೈಯೂ ಸತುವಿನ ಮಿಶ್ರಲೋಹದ ಎರಕ. ಎರಕದಲ್ಲಿ ಸೀಸ ಅಲ್ಪಸ್ವಲ್ಪ ಬೆರೆತಿದ್ದರೂ ದಶಕಗಳ ಮೇಲೆ ಲೋಹ ಒಳಗಿಂದೊಳಗೇ ಉಬ್ಬಿ, ಕೂದಲೆಳೆಯಂತಹ ಬಿರುಕುಗಳು ಮೂಡಿ, ಕಡೆಗೆ ರಸ್ಕಿನಂತೆ ಪುಡಿಯಾಗುತ್ತದೆ. ತೇವವೂ ಸೆಕೆಯೂ ಇದನ್ನು ಹೆಚ್ಚಿಸುತ್ತವೆ. ಇದಕ್ಕೆ ಮದ್ದಿಲ್ಲ. ಬಿರುಕು ಕಂಡ ಎಂಜಿನ್ನನ್ನು ಓಡಿಸದೆ, ಒಣಗಿದ ತಂಪು ಜಾಗದಲ್ಲಿ ಇರಿಸುವುದೊಂದೇ ದಾರಿ. ಚಕ್ರಗಳನ್ನು ಬದಲಿಸಿಕೊಳ್ಳಬಹುದು, ಮೈಯನ್ನು ಬದಲಿಸಿದರೆ ಉಳಿಯುವುದು ಅಜ್ಜನ ರೈಲಲ್ಲ.

ಇನ್ನು ಬೆಲೆಯ ಮಾತು. ಆಟಿಕೆ ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ಭಾವನೆ ತಪ್ಪು. ಅಗ್ಗದ ಕೀಲಿ ರೈಲುಗಳನ್ನು ಹಾರ್ನ್‌ಬಿ ಕಾರ್ಖಾನೆ ರಾಶಿರಾಶಿಯಾಗಿ ತಯಾರಿಸಿತು; ಅವು ಇಂದಿಗೂ ಧಾರಾಳವಾಗಿ ಸಿಗುತ್ತವೆ. ಹಿಂದೆ ಕೆಲವರೇ ಕೊಂಡದ್ದು ಇಂದು ಅಪರೂಪ. 1937ರಲ್ಲಿ ಬಂದ ಪ್ರಿನ್ಸೆಸ್ ಎಲಿಜಬೆತ್ ಎಂಬ ದೊಡ್ಡ ಎಂಜಿನ್ನಿಗೆ ಐದು ಗಿನಿ ಬೆಲೆ. ಸಾಮಾನ್ಯ ತಂದೆಯ ಜೇಬಿಗೆ ಎಟುಕದ ಹಣ. ಅಟ್ಲಾಂಟಿಕ್ಕಿನ ಆಚೆ ಅಮೆರಿಕದಲ್ಲಿ ಇದಕ್ಕಿಂತ ತಮಾಷೆಯ ಪ್ರಸಂಗ ನಡೆಯಿತು. 1900ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಲಯನೆಲ್ ಕಂಪನಿ 1957ರಲ್ಲಿ ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಎಂಜಿನ್ನನ್ನೂ ತಿಳಿನೀಲಿ, ತಿಳಿಹಳದಿ ಗಾಡಿಗಳನ್ನೂ ಹೊರತಂದಿತು. ರೈಲಿನಲ್ಲಿ ಆಸೆಯಿದ್ದ ಹುಡುಗಿಯರಿಗೆ ಬೇಕಾಗಿದ್ದುದು ನಿಜವಾದ ರೈಲಿನಂತಹ ಕಪ್ಪು ಎಂಜಿನ್ನು. ಗುಲಾಬಿಯದು ಅಂಗಡಿಗಳಲ್ಲೇ ಉಳಿಯಿತು. ಯಾರೂ ಬೇಡವೆಂದ ಆ ರೈಲಿಗೇ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಕಂಪನಿಯೇ 1991ರಲ್ಲಿ ಅದರ ಪ್ರತಿಯನ್ನು ಮಾಡಿ ಮಾರಿದ್ದರಿಂದ, ಗುಲಾಬಿ ಎಂಜಿನ್ನು ಕಂಡೊಡನೆ ಸಂಭ್ರಮಿಸುವಂತೆಯೂ ಇಲ್ಲ.

ಮಕ್ಕಳಿರುವ ಮನೆಯಲ್ಲಿ ಬೆಲೆಗಿಂತ ಮೊದಲು ಯೋಚಿಸಬೇಕಾದ ಎರಡು ಸಂಗತಿಗಳಿವೆ. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸವಿರುವುದುಂಟು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿನ ಕೈಗೆ ಅದನ್ನು ಕೊಡಬಾರದು. ಎರಡನೆಯದು ವಿದ್ಯುತ್ತು. ಹಾರ್ನ್‌ಬಿಯ ಮೊದಲ ವಿದ್ಯುತ್ ರೈಲು, 1925ರ ಮೆಟ್ರೋಪಾಲಿಟನ್, ನಡುವೆ ಒಂದು ಬಲ್ಬನ್ನು ತಡೆಯಾಗಿಟ್ಟುಕೊಂಡು ಮನೆಯ ವಿದ್ಯುತ್ತಿನಿಂದಲೇ ಓಡುವಂತೆ ರಚಿತವಾಗಿತ್ತು. ಮಕ್ಕಳು ಕೈಯಿಟ್ಟು ಆಡುವ ಕಂಬಿಯಲ್ಲಿ ಅಂತಹ ವಿದ್ಯುತ್ತು ಹರಿಯುತ್ತಿತ್ತೆಂದರೆ ಇಂದು ಮೈ ಜುಮ್ಮೆನ್ನುತ್ತದೆ. ಮುಂದೆ ಕಡಿಮೆ ವೋಲ್ಟಿನ ರೈಲುಗಳು ಬಂದವು. ಆದರೂ ಬಟ್ಟೆ ಸುತ್ತಿದ ಹಳೆಯ ತಂತಿಯ ಟ್ರಾನ್ಸ್‌ಫಾರ್ಮರನ್ನು, ಬಲ್ಲವರು ಪರೀಕ್ಷಿಸುವವರೆಗೆ ಗೋಡೆಯ ಪ್ಲಗ್ಗಿಗೆ ಸೇರಿಸಲೇಬಾರದು.

ರೈಲಿಗೆ ಕಾಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಪಾಲು. ಎಂಜಿನ್ನು ಹಿರಿಯನಿಗೆ, ಡಬ್ಬಿಗಳು ಕಿರಿಯನಿಗೆ, ಕಂಬಿ ಮೊಮ್ಮಗನಿಗೆ ಎಂದು ನ್ಯಾಯವಾಗಿ ಹಂಚಿದರೆ ಎಲ್ಲರಿಗೂ ಸಮಾಧಾನ. ಆದರೆ ಅಂದಿಗೆ ಆ ರೈಲು ಮುಗಿಯಿತು. ಪೆಟ್ಟಿಗೆಯೂ ಚೀಟಿಗಳೂ ಹೋಗುವುದು ಕಸಕ್ಕೆ. ಅಸಲಿಗೆ ಆ ರಟ್ಟಿನ ಪೆಟ್ಟಿಗೆ ರೈಲಿನ ಜಾತಕವಿದ್ದಂತೆ. ಕೆಲವು ಪೆಟ್ಟಿಗೆಗಳ ಹಾಗೂ ಬೆಲೆಪಟ್ಟಿಗಳ ಮೂಲೆಯಲ್ಲಿ ಮುದ್ರಣಾಲಯದವರು ಹಾಕಿದ ಸಣ್ಣ ಅಂಕಿಗಳಲ್ಲಿ ತಿಂಗಳೂ ವರ್ಷವೂ ಅಡಗಿರುತ್ತವೆ. ಖಾತರಿ ಚೀಟಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಹಂಚಿಕೊಳ್ಳಲೇಬೇಕೆಂದಿದ್ದರೆ ಇಡೀ ಪೆಟ್ಟಿಗೆಯನ್ನು ಒಬ್ಬರು ಇಟ್ಟುಕೊಂಡು ಉಳಿದವರಿಗೆ ಬೇರೇನಾದರೂ ಕೊಡುವುದು ಲೇಸು. ಬೆಲೆ ತಿಳಿಯಬೇಕಾದವರು ಕೊಳ್ಳಲು ಬಂದವನನ್ನೇ ಕೇಳುವುದು ವಿವೇಕವಲ್ಲ. 1969ರಲ್ಲಿ ಆರಂಭವಾದ ಹಾರ್ನ್‌ಬಿ ರೈಲ್ವೆ ಸಂಗ್ರಾಹಕರ ಸಂಘ, ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ ಮುಂತಾದುವು ಇಂತಹ ಜ್ಞಾನವನ್ನು ಕೂಡಿಡುವುದಕ್ಕಾಗಿಯೇ ಇವೆ.

ಅಜ್ಜನ ತಮ್ಮನೋ ತಂಗಿಯೋ ಇನ್ನೂ ಬದುಕಿದ್ದರೆ, ಸಂಘಕ್ಕೆ ಬರೆಯುವ ಮೊದಲು ಅವರ ಮುಂದೆ ಪೆಟ್ಟಿಗೆಯನ್ನು ತೆರೆದಿಡಬೇಕು. ಯಾವ ವರ್ಷದ ಕ್ರಿಸ್‌ಮಸ್ಸು, ಯಾವ ಅಂಗಡಿ, ಡಬ್ಬಿಯ ಮೂಲೆ ನುಗ್ಗಾದದ್ದು ಯಾರ ಕೈಯಿಂದ ಎಂಬುದನ್ನೆಲ್ಲ ಅವರು ಹೇಳಿದಂತೆಯೇ ಒಂದು ಕಾಗದದಲ್ಲಿ ಬರೆದು ಒಳಗೆ ಸೇರಿಸಬೇಕು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗಡಿಯವನು ಪೆನ್ಸಿಲಿನಿಂದ ಗೀಚಿದ ಬೆಲೆ ಇನ್ನೂ ಉಳಿದಿದ್ದರೆ, ರಬ್ಬರು ಹಿಡಿದು ಅದನ್ನು ಅಳಿಸಲು ಹೋಗಬಾರದು.